ಗುತ್ತಿಗೆದಾರನ ತಪ್ಪು, ರಾಯಭಾರಿಯ ಓಡಾಟ, ರೈತನಿಗೆ ಬಿಲ್ಲು

2022ರ ಜುಲೈ ತಿಂಗಳಲ್ಲಿ ಟರ್ಕಿಯ ಮೆಡಿಟರೇನಿಯನ್ ಕರಾವಳಿಯ ಅಕ್ಕುಯು ಎಂಬಲ್ಲಿ ಒಂದು ಗುತ್ತಿಗೆ ಜಗಳ ಶುರುವಾಯಿತು. ಅಲ್ಲಿ ರಶ್ಯದ ಸರಕಾರಿ ಸಂಸ್ಥೆ ರೊಸಾಟಮ್ ನಾಲ್ಕು ಅಣುಸ್ಥಾವರಗಳನ್ನು ಕಟ್ಟುತ್ತಿದೆ. ಕಟ್ಟಡದ ಮುಖ್ಯ ಗುತ್ತಿಗೆ ಹಿಡಿದಿದ್ದದ್ದು ಐಸಿ ಇಚ್ತಾಶ್ ಎಂಬ ಟರ್ಕಿಯ ಕಂಪನಿ ಮತ್ತು ಟೈಟಾನ್-2 ಎಂಬ ರಶ್ಯದ ಕಂಪನಿ, ಜೊತೆಯಾಗಿ. ಕೆಲಸದಲ್ಲಿ ಹಲವು ಲೋಪಗಳಿವೆ ಎಂದು ಹೇಳಿ ಯೋಜನೆಯ ರಶ್ಯನ್ ಒಡೆಯರು ಆ ಗುತ್ತಿಗೆಯನ್ನು ರದ್ದು ಮಾಡಿದರು. ಕೆಲಸ ಟಿಎಸ್ಎಂ ಎನರ್ಜಿ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಅದರ ಒಡೆತನವೂ ರಶ್ಯನ್ನರದೇ. ನಮ್ಮನ್ನು ಹೊರದಬ್ಬಿ ಟರ್ಕಿಯವರ ಪಾಲನ್ನೇ ಕಡಿಮೆ ಮಾಡುವ ಹುನ್ನಾರವಿದು ಎಂದು ಐಸಿ ಇಚ್ತಾಶ್ ಕೂಗಿತು. ನಮ್ಮ ಕಡೆ ಆಗಿದ್ದರೆ ಇಂಥ ಜಗಳ ಕೋರ್ಟಿಗೆ ಹೋಗುತ್ತಿತ್ತು, ಇಲ್ಲವೇ ಶಾಸಕರ ಮನೆಯ ಪಡಸಾಲೆಯಲ್ಲಿ ಮುಗಿಯುತ್ತಿತ್ತು. ಅಲ್ಲಿ ಅದು ಅಧ್ಯಕ್ಷರ ಮೇಜಿಗೆ ಹೋಯಿತು. ಆಗಸ್ಟ್ 5ರಂದು ಎರ್ದೊಗಾನ್ ಸೋಚಿ ನಗರದಲ್ಲಿ ಪುಟಿನ್‌ರನ್ನು ಕಂಡಾಗ ಉಕ್ರೇನಿನ ಯುದ್ಧ, ಗೋಧಿಯ ಹಡಗುಗಳು, ಸಿರಿಯಾ ಇವೆಲ್ಲದರ ನಡುವೆ ಈ ಗುತ್ತಿಗೆಯ ವಿಚಾರವೂ ಮಾತಿಗೆ ಬಂತು. ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು, ಹಳೆಯ ಗುತ್ತಿಗೆದಾರ ಮರಳಿ ಬಂದ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಓದುಗರು ಇದನ್ನೆಲ್ಲ ಯಾಕೆ ಓದಬೇಕು ಎಂದು ಕೇಳಬಹುದು. ಅಕ್ಕುಯು ನಮಗೆ ದೂರ, ನಿಜ. ಆದರೆ ಆ ಜಗಳದ ಒಳಗಿರುವ ಪ್ರಶ್ನೆ ನಮ್ಮ ನಾಲ್ಕು ತಾಲೂಕಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಸರಕಾರದ ದೊಡ್ಡ ಕೆಲಸದಲ್ಲಿ ಗುತ್ತಿಗೆದಾರ ಎಡವಿದರೆ ಬಿಲ್ಲು ಯಾರ ಹೆಸರಿಗೆ ಬರುತ್ತದೆ?

ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹಳ್ಳಿಗಳು ಮುಳುಗಿದವು. ಮುಳುಗಿದವರು ಎತ್ತರದ ಜಾಗಕ್ಕೆ ಹೋಗಿ ಹೊಸ ಮನೆ ಕಟ್ಟಿಕೊಂಡರು. ಕಾಲುವೆ ಕೆಳಗೆ ರಾಮದುರ್ಗ, ನರಗುಂದ, ನವಲಗುಂದದ ಎರೆಹೊಲಗಳಿಗೆ ನೀರು ಬರುತ್ತದೆ ಎಂಬ ಭರವಸೆ ಇತ್ತು. ಕೆಲವು ಕಡೆ ನೀರು ಬಂತು. ಕೆಲವು ಕಡೆ ಕಾಲುವೆ ಬಂತು, ನೀರು ಬರಲಿಲ್ಲ. ಇನ್ನು ಕೆಲವು ಕಡೆ ನೀರು ಬಂದು ನಿಂತು ಹೊಲ ಸವುಳಾಯಿತು. ಆದರೆ ಬೆಟರ್‌ಮೆಂಟ್ ಲೆವಿ ಮಾತ್ರ ಎಲ್ಲರ ಮನೆಗೂ ತಪ್ಪದೆ ಬಂತು. ನಿಮ್ಮ ಭೂಮಿ ಉದ್ಧಾರವಾಗಿದೆ, ಆದ್ದರಿಂದ ಕರ ಕಟ್ಟಿ ಎಂಬ ನೋಟೀಸು ಅದು. ಭೂಮಿ ನಿಜವಾಗಿ ಉದ್ಧಾರವಾಯಿತೇ ಎಂದು ನೋಡಲು ಯಾರೂ ಹೊಲಕ್ಕೆ ಇಳಿಯಲಿಲ್ಲ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ರೈತರು ತಿರುಗಿಬಿದ್ದರು, ಗೋಲಿಬಾರ್ ಆಯಿತು, ರೈತರೂ ಸತ್ತರು, ಪೊಲೀಸರೂ ಸತ್ತರು. ಗುಂಡೂರಾವ್ ಸರಕಾರ ಹಿಂದೆ ಸರಿಯಬೇಕಾಯಿತು. ರೈತ ಸಂಘದ ಚಳವಳಿ ರಾಜ್ಯದ ತುಂಬ ಹಬ್ಬಿದ್ದು ಅಲ್ಲಿಂದ. ಕಾಲುವೆಯನ್ನು ಅರ್ಧಕ್ಕೆ ಬಿಟ್ಟವರು, ಬಸಿಗಾಲುವೆ ತೋಡದವರು, ತೋಡಿದ್ದೇವೆ ಎಂದು ಬರೆದವರು ಇವರಲ್ಲಿ ಒಬ್ಬರ ಮನೆಗೂ ನೋಟೀಸು ಹೋದ ದಾಖಲೆ ನಮ್ಮ ಜನರ ನೆನಪಿನಲ್ಲಿಲ್ಲ.

ಈ ನೆನಪಿನ ಕನ್ನಡಕ ಹಾಕಿಕೊಂಡು ಜಗತ್ತಿನ ಅಣುಸ್ಥಾವರಗಳ ಗುತ್ತಿಗೆಗಳನ್ನು ನೋಡಿದರೆ ಎಲ್ಲವೂ ಪರಿಚಿತವಾಗಿ ಕಾಣುತ್ತದೆ.

ಅಕ್ಕುಯುವಿನ ಒಪ್ಪಂದವನ್ನೇ ನೋಡಿ. 2010ರಲ್ಲಿ ಎರಡು ಸರಕಾರಗಳು ಸಹಿ ಹಾಕಿದವು. ಸುಮಾರು 20 ಬಿಲಿಯನ್ ಡಾಲರಿನ ಕೆಲಸ, ಒಟ್ಟು 4,800 ಮೆಗಾವ್ಯಾಟ್. ಕಟ್ಟುವವನೂ ರಶ್ಯನ್, ಒಡೆಯನೂ ರಶ್ಯನ್, ನಡೆಸುವವನೂ ರಶ್ಯನ್. ಟರ್ಕಿ ವಿದ್ಯುತ್ತಿನ ಒಂದು ಪಾಲನ್ನು ಯೂನಿಟ್ಟಿಗೆ 12.35 ಅಮೆರಿಕನ್ ಸೆಂಟಿನ ದರದಲ್ಲಿ 15 ವರ್ಷ ಕೊಳ್ಳುತ್ತೇನೆ ಎಂದು ಮೊದಲೇ ಬರೆದುಕೊಟ್ಟಿದೆ. ಗಣರಾಜ್ಯದ ನೂರನೇ ವರ್ಷವಾದ 2023ರಲ್ಲಿ ದೀಪ ಹತ್ತಬೇಕಿತ್ತು. ಆ ವರ್ಷ ಬಂದದ್ದು ಇಂಧನ ಮತ್ತು ಸಮಾರಂಭ. 2025 ಮುಗಿದಾಗಲೂ ಅಲ್ಲಿಂದ ವಿದ್ಯುತ್ ಹರಿದಿರಲಿಲ್ಲ. ನಡುವೆ ಜರ್ಮನಿಯ ಸೀಮೆನ್ಸ್ ಎನರ್ಜಿ ಕೊಡಬೇಕಾಗಿದ್ದ ಉಪಕರಣಗಳು ಬರಲಿಲ್ಲ. 2024ರಲ್ಲಿ ಟರ್ಕಿಯ ಇಂಧನ ಸಚಿವರೇ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡರು, ರೊಸಾಟಮ್ ಚೀನಾದತ್ತ ತಿರುಗಿತು. ಇನ್ನು ಕಾಂಕ್ರೀಟು ಹೊತ್ತ ಕಾರ್ಮಿಕರ ಮಾತು. ಉಪಗುತ್ತಿಗೆದಾರರು ಸಂಬಳ ಕೊಟ್ಟಿಲ್ಲ ಎಂದು ಅವರು ಒಂದಕ್ಕಿಂತ ಹೆಚ್ಚು ಬಾರಿ ಕೆಲಸ ನಿಲ್ಲಿಸಿ ಕುಳಿತರು. ಅವರಿಗಾಗಿ ಯಾವ ಅಧ್ಯಕ್ಷನೂ ವಿಮಾನ ಹತ್ತಲಿಲ್ಲ. ಕಂಪನಿಯ ಗುತ್ತಿಗೆ ರದ್ದಾದರೆ ಅದು ರಾಷ್ಟ್ರದ ಗೌರವದ ಪ್ರಶ್ನೆ. ಕೂಲಿಕಾರನ ಹಣ ಮುಳುಗಿದರೆ ಅದು ಸ್ಥಳೀಯ ತಕರಾರು.

ನಮ್ಮ ಸಮುದಾಯದ ಓದುಗರಲ್ಲಿ ಕೆಲವರಿಗೆ ಈ ಟೀಕೆ ಹಿಡಿಸಲಿಕ್ಕಿಲ್ಲ. ಒಂದು ಮುಸ್ಲಿಂ ರಾಷ್ಟ್ರ ಅಣುಶಕ್ತಿಯ ಸಾಲಿಗೆ ಸೇರುತ್ತಿದೆ ಎಂಬುದೇ ಅವರಿಗೆ ಸಂತೋಷದ ಸುದ್ದಿ. ಟರ್ಕಿ, ಬಾಂಗ್ಲಾದೇಶ, ಅಬುಧಾಬಿ ಎಂದೊಡನೆ ಎದೆಯುಬ್ಬಿಸುವವರನ್ನು ಸಭೆಗಳಲ್ಲಿ ಕಂಡಿದ್ದೇನೆ. ಅವರಿಗೂ, ಕೂಡಂಕುಳಂ ಮತ್ತು ಕೈಗಾದ ಹೆಸರಿನಲ್ಲಿ ಎದೆಯುಬ್ಬಿಸುವ ನಮ್ಮ ರಾಷ್ಟ್ರಭಕ್ತರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಗೋಪುರದ ಎತ್ತರ ನೋಡುತ್ತಾರೆ, ಒಪ್ಪಂದದ ಕರಾರು ಓದುವುದಿಲ್ಲ.

ಬಾಂಗ್ಲಾದೇಶದ ರೂಪ್‌ಪುರವನ್ನು ತೆಗೆದುಕೊಳ್ಳೋಣ. ಪದ್ಮಾ ನದಿಯ ದಂಡೆಯ ಈ ಸ್ಥಾವರದ ವೆಚ್ಚ 12.65 ಬಿಲಿಯನ್ ಡಾಲರ್, ಅದರ ಶೇ. 90ರಷ್ಟು ರಶ್ಯದ ಸಾಲ. 2019ರಲ್ಲಿ ಅಲ್ಲಿನ ವಸತಿಗೃಹಗಳಿಗೆ ಕೊಂಡ ಸಾಮಾನುಗಳ ಬಿಲ್ಲು ಹೊರಬಿತ್ತು. ಒಂದು ದಿಂಬಿಗೆ 5,957 ಟಾಕಾ. ಆ ದಿಂಬನ್ನು ಮಹಡಿಗೆ ಹೊತ್ತೊಯ್ಯಲು 760 ಟಾಕಾ. ಢಾಕಾದ ಜನ ದಿಂಬು ಹಿಡಿದು ಬೀದಿಗಿಳಿದು ಪ್ರತಿಭಟಿಸಿದರು. ನಗು ಬರುತ್ತದೆ, ಆದರೆ ದಿಂಬಿನ ಲೆಕ್ಕ ಹೀಗಿದ್ದ ಮೇಲೆ ಕಬ್ಬಿಣದ ಲೆಕ್ಕ, ಸಿಮೆಂಟಿನ ಲೆಕ್ಕ ಹೇಗಿರಬಹುದು ಎಂದು ಯೋಚಿಸಿದರೆ ನಗು ಉಳಿಯುವುದಿಲ್ಲ. ಸಾಲ ತೀರಿಸುವವರು ಆ ದೇಶದ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು.

ಆಮೇಲೆ 2022ರ ಡಿಸೆಂಬರಿನಲ್ಲಿ ರೂಪ್‌ಪುರಕ್ಕೆ ಸರಕು ತರುತ್ತಿದ್ದ ರಶ್ಯದ ಹಡಗೊಂದು ಹೆಸರು ಬದಲಿಸಿಕೊಂಡು ಬರುತ್ತಿರುವುದು ಬಯಲಾಯಿತು. ಅದು ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿದ್ದ ಹಡಗು. ಅಮೆರಿಕ ಕಣ್ಣು ಕೆಂಪಗೆ ಮಾಡಿದ ಮೇಲೆ ಢಾಕಾ ಅದಕ್ಕೆ ಬಂದರು ನಿರಾಕರಿಸಿತು. ಹಡಗು ನಮ್ಮ ಹಲ್ದಿಯಾದತ್ತ ತಿರುಗಿತು, ಅಲ್ಲಿಯೂ ಸರಕು ಇಳಿಸಲಾಗದೆ ಹಿಂದಕ್ಕೆ ಹೋಯಿತು. 2023ರ ಫೆಬ್ರವರಿಯಲ್ಲಿ ಮಾಸ್ಕೊ ಬಾಂಗ್ಲಾದ ರಾಯಭಾರಿಯನ್ನು ಕರೆಸಿ ತಕರಾರು ಹೇಳಿತು. ಒಂದು ಬಡದೇಶ ತಾನು ಸಾಲ ಮಾಡಿ ಕೊಂಡ ಸಾಮಾನಿಗಾಗಿ ಎರಡು ದೊಡ್ಡ ದೇಶಗಳಿಂದಲೂ ಬೈಸಿಕೊಳ್ಳಬೇಕಾಯಿತು. ಈ ಯೋಜನೆಯಲ್ಲಿ ಭಾರತವೂ ಇದೆ ಎಂಬುದನ್ನು ಮರೆಯಬಾರದು. 2018ರ ಮಾರ್ಚಿನಲ್ಲಿ ರಶ್ಯ, ಬಾಂಗ್ಲಾ, ಭಾರತ ಮೂವರೂ ಸೇರಿ ಒಡಂಬಡಿಕೆ ಮಾಡಿಕೊಂಡರು. ಕಟ್ಟಡ ಕೆಲಸದಲ್ಲಿ ನಮ್ಮ ಕಂಪನಿಗಳಿಗೂ ಪಾಲು ಸಿಗಲಿ ಎಂಬುದು ಅದರ ಆಶಯ. ಅಂದರೆ ಪರದೇಶದ ಅಣುಗುತ್ತಿಗೆಯಲ್ಲಿ ನಾಳೆ ತಪ್ಪಾದರೆ ಆರೋಪಿಯ ಜಾಗದಲ್ಲಿ ನಾವೂ ನಿಲ್ಲಬೇಕಾದೀತು.

ಅಬುಧಾಬಿಯ ಬರಾಕಾದ ಕಥೆ ಇನ್ನೂ ವಿಚಿತ್ರ. 2009ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರೇ ಹಾರಿ ಹೋಗಿ ಸುಮಾರು 20 ಬಿಲಿಯನ್ ಡಾಲರಿನ ಗುತ್ತಿಗೆ ಗೆದ್ದು ತಂದರು. ಅಮೆರಿಕ, ಫ್ರಾನ್ಸ್‌ನ ಕಂಪನಿಗಳಿಗಿಂತ ಅಗ್ಗಕ್ಕೆ ಕೊಟ್ಟರು. ಅಗ್ಗ ಹೇಗಾಯಿತು? 2012 ಮತ್ತು 2013ರಲ್ಲಿ ಕೊರಿಯಾದೊಳಗಿನ ಸ್ಥಾವರಗಳಿಗೆ ಬಿಡಿಭಾಗ ಪೂರೈಸಿದವರು ಸುಳ್ಳು ಪರೀಕ್ಷಾಪತ್ರ ಕೊಟ್ಟದ್ದು ಸಿಕ್ಕಿಬಿತ್ತು. ಅಲ್ಲಿ ಸ್ಥಾವರ ನಿಲ್ಲಿಸಬೇಕಾಯಿತು. ಬರಾಕಾದ ಕಾಂಕ್ರೀಟು ಗೋಡೆಗಳಲ್ಲಿಯೂ ಟೊಳ್ಳುಗಳು ಕಂಡವು. 2017ರ ಕೊನೆಯಲ್ಲಿ ಕೊರಿಯಾದ ಅಧ್ಯಕ್ಷರ ಆಪ್ತರೊಬ್ಬರು ತರಾತುರಿಯಿಂದ ಎಮಿರೇಟ್ಸ್‌ಗೆ ಹೋದಾಗ ಸ್ಥಾವರದ ವಿಷಯದಲ್ಲಿ ಏನೋ ಮನಸ್ತಾಪ ಎಂಬ ಗುಸುಗುಸು ಎದ್ದಿತು. 2018ರ ಜನವರಿಯಲ್ಲಿ ಹಿಂದಿನ ರಕ್ಷಣಾ ಸಚಿವರೇ ಬಾಯಿಬಿಟ್ಟರು. ಗುತ್ತಿಗೆಯ ಜೊತೆಗೆ, ಸಂಸತ್ತಿಗೆ ತಿಳಿಸದೆ, ಯುದ್ಧ ಬಂದರೆ ಕೊರಿಯಾದ ಸೈನಿಕರು ಎಮಿರೇಟ್ಸ್‌ನ ನೆರವಿಗೆ ಬರುತ್ತಾರೆ ಎಂಬ ಗುಪ್ತ ಕರಾರಿಗೂ ಒಪ್ಪಿಕೊಳ್ಳಲಾಗಿತ್ತು! ಸ್ಥಾವರ ಮಾರಲು ಮಕ್ಕಳನ್ನು ಒತ್ತೆ ಇಟ್ಟ ಹಾಗೆ. ಈಗ ಬರಾಕಾದ ನಾಲ್ಕೂ ಘಟಕಗಳು ನಡೆಯುತ್ತಿವೆ, ಆದರೆ ಹೆಚ್ಚುವರಿ ಖರ್ಚು ಯಾರದು ಎಂದು ಕೊರಿಯಾದ ಎರಡು ಸರಕಾರಿ ಕಂಪನಿಗಳೇ ಒಬ್ಬರ ಮೇಲೊಬ್ಬರು ಪಂಚಾಯ್ತಿಗೆ ಹೋಗಿವೆ.

ಕಿತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ಭಂಡಾರಕ್ಕೆ ಬೀಗ ಮುದ್ರೆ ಹಾಕಲು ಬಂದ ಥ್ಯಾಕರೆ ಧಾರವಾಡದ ಕಲೆಕ್ಟರ್ ಆಗಿದ್ದ, ಪೊಲಿಟಿಕಲ್ ಏಜೆಂಟನೂ ಆಗಿದ್ದ. ಸಂಬಳ ಕೊಡುತ್ತಿದ್ದದ್ದು ಮಾತ್ರ ಒಂದು ವ್ಯಾಪಾರದ ಕಂಪನಿ. ಕಂಪನಿಯ ಖಾತೆ ಪುಸ್ತಕ, ರಾಜತಂತ್ರದ ಮಾತು, ತೋಪು ಈ ಮೂರೂ ಒಂದೇ ಕೈಯಲ್ಲಿ ಇದ್ದದ್ದನ್ನು ನಮ್ಮ ಊರು ಕಂಡಿದೆ. ಚೆನ್ನಮ್ಮ, ರಾಯಣ್ಣರ ಪುತ್ಥಳಿಗೆ ವರ್ಷಕ್ಕೊಮ್ಮೆ ಮಾಲೆ ಹಾಕುವ ನಾಯಕರು ಇಂಥ ಒಪ್ಪಂದಗಳಿಗೆ ಲೋಕಸಭೆಯಲ್ಲಿ ಕೈ ಎತ್ತುವುದು ಒಂದು ವಿಪರ್ಯಾಸ.

ಈಗ ಮನೆಯ ಹತ್ತಿರಕ್ಕೆ ಬರೋಣ. ಕಿತ್ತೂರಿನಿಂದ ಘಟ್ಟ ಇಳಿದರೆ ಕಾಳಿ ನದಿಯ ಕೊಳ್ಳದಲ್ಲಿ ಕೈಗಾ ಇದೆ. ಅದು ಪರದೇಶದವರು ಕಟ್ಟಿದ್ದಲ್ಲ, ಆದರೆ ಅದರ ಹುಟ್ಟಿನಲ್ಲಿಯೂ ಒಂದು ಪರದೇಶದ ಮನಸ್ತಾಪವಿದೆ. ರಾಜಸ್ಥಾನದ ಸ್ಥಾವರವನ್ನು ಕೆನಡಾ ಕಟ್ಟಿಕೊಡುತ್ತಿತ್ತು. 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಸಿಟ್ಟಾಗಿ ಹೊರಟುಹೋಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ ತಾರಾಪುರಕ್ಕೂ 1978ರ ಅಮೆರಿಕನ್ ಕಾನೂನಿನಿಂದ ಇಂಧನದ ತೊಂದರೆ ಬಂತು, 1982ರಲ್ಲಿ ಫ್ರಾನ್ಸ್ ಮುಂದೆ ಬರಬೇಕಾಯಿತು. ಪರರನ್ನು ನಂಬಿದರೆ ಹೀಗಾಗುತ್ತದೆ ಎಂದು ನಮ್ಮ ಇಂಜಿನಿಯರುಗಳು ಕೆನಡಾ ಮಾದರಿಯನ್ನೇ ತಿದ್ದಿ ತಾವೇ ಕಟ್ಟಿದರು. ಇದು ಮೆಚ್ಚಬೇಕಾದ ಸಾಧನೆ, ನಾನು ಅಲ್ಲಗಳೆಯುವುದಿಲ್ಲ. ಕೈಗಾದ ಒಂದನೇ ಘಟಕ 2018ರಲ್ಲಿ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು.

ಅದೇ ಒಂದನೇ ಘಟಕದ ಗುಮ್ಮಟ 1994ರ ಮೇ 13ರಂದು ಕಟ್ಟುವಾಗಲೇ ಒಳಗಿನಿಂದ ಪದರ ಕಳಚಿಕೊಂಡು ಬಿದ್ದಿತ್ತು. ಸುಮಾರು 130 ಟನ್ ಕಾಂಕ್ರೀಟು. ಒಳಗೆ ಇಂಧನ ಇನ್ನೂ ತುಂಬಿರಲಿಲ್ಲ ಎಂಬುದು ನಮ್ಮ ಪುಣ್ಯ. ವಿಕಿರಣ ಹೊರಹೋಗದಂತೆ ತಡೆಯಬೇಕಾದ ಗೋಡೆಯೇ ಅದು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು, ವರ್ಷಗಳು ಹೋದವು, ಹಣ ಹೋಯಿತು. ಆಗ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಹುದ್ದೆ ಬಿಟ್ಟ ಮೇಲೆ ಈ ಇಲಾಖೆಯ ಗುಟ್ಟಿನ ಸಂಸ್ಕೃತಿಯ ಬಗ್ಗೆ ಬಹಿರಂಗವಾಗಿ ಬರೆದರು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಅವರನ್ನು ಅಭಿವೃದ್ಧಿಯ ವಿರೋಧಿ ಎಂದು ಜರೆದವರು ಗುಮ್ಮಟ ಬಿದ್ದ ದಿನ ಮೌನವಾಗಿದ್ದರು. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಒಳಗಿನವರ ಕಿಡಿಗೇಡಿತನ ಎಂದು ಅಧಿಕಾರಿಗಳು ಹೇಳಿದರು.

ನಮ್ಮವರೇ ಕಟ್ಟಿದ ಕಡೆಯಲ್ಲಿ ಲೆಕ್ಕ ಕೇಳುವುದು ಇಷ್ಟು ಕಷ್ಟವಾದರೆ, ಪರದೇಶದ ಕಂಪನಿ ಬಂದಾಗ? ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ನಮ್ಮ ಸಂಸತ್ತು ಒಮ್ಮೆ ಒಂದು ಒಳ್ಳೆಯ ಕೆಲಸ ಮಾಡಿತ್ತು. ಭೋಪಾಲದಲ್ಲಿ 1984ರಲ್ಲಿ ಸಾವಿರಾರು ಜನ ಸತ್ತರು. ಸತ್ತವರಲ್ಲಿ ಹಳೆಯ ಭೋಪಾಲದ ಬಡ ಮುಸ್ಲಿಮರೂ ಬಡ ಹಿಂದೂಗಳೂ ಇದ್ದರು. ಯೂನಿಯನ್ ಕಾರ್ಬೈಡ್ 1989ರಲ್ಲಿ 470 ಮಿಲಿಯನ್ ಡಾಲರ್ ಕೊಟ್ಟು ಕೈ ತೊಳೆದುಕೊಂಡಿತು. ಅದರ ಮುಖ್ಯಸ್ಥ ಆಂಡರ್ಸನ್ ದೇಶ ಬಿಟ್ಟು ಹೋದವನು ಮರಳಿ ಬರಲೇ ಇಲ್ಲ. 2010ರ ಜೂನಿನಲ್ಲಿ ಭೋಪಾಲದ ನ್ಯಾಯಾಲಯ ಕೊಟ್ಟ ಹಗುರ ಶಿಕ್ಷೆಗೆ ದೇಶವೆಲ್ಲ ಕೋಪಗೊಂಡಿತ್ತು. ಅದೇ ಆಗಸ್ಟಿನಲ್ಲಿ ಅಣು ಹೊಣೆಗಾರಿಕೆ ಕಾಯ್ದೆ ಬಂತು. ಸರಬರಾಜು ಮಾಡಿದ ಸಾಮಾನಿನ ದೋಷದಿಂದ ಅವಘಡವಾದರೆ, ಪರಿಹಾರ ಕೊಟ್ಟ ಸ್ಥಾವರದ ಒಡೆಯ ಆ ಹಣವನ್ನು ಸರಬರಾಜುದಾರನಿಂದ ಕೇಳಿ ಪಡೆಯಬಹುದು ಎಂಬ 17(ಬಿ) ಕಲಮು ಅದರಲ್ಲಿತ್ತು. ಸಾಮಾನ್ಯ ಬುದ್ಧಿಯ ಮಾತು. ಹಳ್ಳಿಯ ಬಡಗಿ ಕೂಡ ಮುರಿದ ಕುರ್ಚಿಗೆ ಜವಾಬ್ದಾರಿ ಹೊರುತ್ತಾನೆ.

ಈ ಒಂದು ಕಲಮಿನ ಮೇಲೆ ಹದಿನೈದು ವರ್ಷ ರಾಜತಂತ್ರ ನಡೆಯಿತು. ಅಮೆರಿಕದ ಕಂಪನಿಗಳು ಬರುವುದಿಲ್ಲ ಎಂದವು. ರಶ್ಯ ಕೂಡಂಕುಳಂನ 3 ಮತ್ತು 4ನೇ ಘಟಕಕ್ಕೆ ಈ ಕಾಯ್ದೆ ಬೇಡ ಎಂದು ಪಟ್ಟು ಹಿಡಿಯಿತು. ಫ್ರಾನ್ಸ್ ಜೈತಾಪುರದ ವಿಷಯದಲ್ಲಿ ಮುಖ ಗಂಟು ಹಾಕಿಕೊಂಡಿತು. ಆ ಜೈತಾಪುರ ನಮ್ಮ ಬೆಳಗಾವಿಯಿಂದ ಘಟ್ಟದಾಚೆಗಿನ ಕೊಂಕಣದಲ್ಲಿದೆ. 2011ರ ಏಪ್ರಿಲಿನಲ್ಲಿ ಅಲ್ಲಿ ಸಾಖ್ರಿ ನಾಟೆಯ ಒಬ್ಬ ಮುಸ್ಲಿಂ ಮೀನುಗಾರ ಯುವಕ ಪೊಲೀಸರ ಗುಂಡಿಗೆ ಸತ್ತ. ಅಲ್ಲಿ ಇನ್ನೂ ಸ್ಥಾವರ ಎದ್ದಿಲ್ಲ. 2015ರ ಜನವರಿಯಲ್ಲಿ ಒಬಾಮಾ ಬಂದಾಗ 1,500 ಕೋಟಿ ರೂಪಾಯಿಯ ವಿಮಾ ನಿಧಿಯ ಮಾತಾಡಿ ಕಂಪನಿಗಳನ್ನು ಸಮಾಧಾನ ಮಾಡಿದರು. ಅದೂ ಸಾಲಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಕೆಲವೇ ದಿನಗಳಲ್ಲಿ ಹೊಸ ಕಾಯ್ದೆ ಪಾಸು ಮಾಡಿತು. 1962ರ ಅಣುಶಕ್ತಿ ಕಾಯ್ದೆಯೂ 2010ರ ಹೊಣೆಗಾರಿಕೆ ಕಾಯ್ದೆಯೂ ಹೋದವು, ಖಾಸಗಿಯವರಿಗೆ ಬಾಗಿಲು ತೆರೆಯಿತು, ಸರಬರಾಜುದಾರನ ದೋಷದ ಆ ಕಲಮು ಮಾಯವಾಯಿತು. ಕಾಯ್ದೆಗೆ ಇಟ್ಟ ಹೆಸರು ಶಾಂತಿ. ಯಾರ ಶಾಂತಿ? ವಾಷಿಂಗ್ಟನ್, ಪ್ಯಾರಿಸ್, ಮಾಸ್ಕೊಗಳಲ್ಲಿ ಕಂಪನಿಯ ವಕೀಲರಿಗೆ ಖಂಡಿತ ಶಾಂತಿಯ ನಿದ್ದೆ ಬಂದಿರಬೇಕು.

ಇಂಥ ಕಲಮು ಇಟ್ಟರೆ ಯಾರೂ ಬರುವುದಿಲ್ಲ, ವಿದ್ಯುತ್ ಬೇಡವೇ, ಬೇಸಿಗೆಯಲ್ಲಿ ಪಂಪ್‌ಸೆಟ್ ನಿಂತಾಗ ನೀವೇ ಬೈಯುತ್ತೀರಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಫಿನ್ಲೆಂಡಿನ ಉದಾಹರಣೆ ನೋಡೋಣ. 2003ರಲ್ಲಿ ಆ ಪುಟ್ಟ ದೇಶದ ಕಂಪನಿಯೊಂದು ಫ್ರಾನ್ಸ್‌ನ ಅರೇವಾ ಮತ್ತು ಜರ್ಮನಿಯ ಸೀಮೆನ್ಸ್ ಜೊತೆ ಒಲ್ಕಿಲುವೊಟೊ ಎಂಬಲ್ಲಿ ಸ್ಥಾವರ ಕಟ್ಟಲು ಒಪ್ಪಂದ ಮಾಡಿಕೊಂಡಿತು. ಬೆಲೆ ನಿಗದಿ, ಅದರ ಮೇಲೆ ಒಂದು ಪೈಸೆ ಇಲ್ಲ. 2009ಕ್ಕೆ ಮುಗಿಯಬೇಕಾದದ್ದು ಪೂರ್ಣವಾಗಿ ನಡೆಯತೊಡಗಿದ್ದು 2023ರ ಏಪ್ರಿಲಿನಲ್ಲಿ. ಕಾಂಕ್ರೀಟು, ಬೆಸುಗೆ ಎಲ್ಲದರಲ್ಲಿಯೂ ತಕರಾರು ಬಂತು. ಆದರೆ ಫಿನ್ನರ ನಿಯಂತ್ರಣ ಮಂಡಳಿ ತಪ್ಪು ಕಂಡಲ್ಲಿ ಕೆಲಸ ತಿದ್ದಿಸಿತು ಮತ್ತು ಅದನ್ನು ಜನರಿಗೂ ತಿಳಿಸಿತು. 2018ರಲ್ಲಿ ಗುತ್ತಿಗೆದಾರರೇ 450 ಮಿಲಿಯನ್ ಯೂರೊ ಪರಿಹಾರ ಕೊಡಲು ಒಪ್ಪಿದರು. ಅರೇವಾ ಮುಳುಗುವ ಸ್ಥಿತಿಗೆ ಬಂತು, ಫ್ರಾನ್ಸ್‌ನ ತೆರಿಗೆದಾರರು ಅದನ್ನು ಎತ್ತಿ ಹಿಡಿಯಬೇಕಾಯಿತು. ಅದೂ ಅನ್ಯಾಯವೇ. ಆದರೆ ಫಿನ್ಲೆಂಡಿನ ರೈತನ ಮನೆಗೆ ಅರೇವಾದ ತಪ್ಪಿನ ನೋಟೀಸು ಹೋಗಲಿಲ್ಲ. ಅವರಿಗೆ ಇದು ಸಾಧ್ಯವಾದದ್ದು ಕರಾರು ಗಟ್ಟಿಯಾಗಿದ್ದುದರಿಂದ, ಅಧ್ಯಕ್ಷರ ಸ್ನೇಹದಿಂದ ಅಲ್ಲ. ನಾವು 140 ಕೋಟಿ ಜನರ ಮಾರುಕಟ್ಟೆ ಎಂದು ಹೇಳಿಕೊಳ್ಳುತ್ತೇವೆ. 55 ಲಕ್ಷ ಜನರ ದೇಶ ಹಾಕಿದ ಷರತ್ತನ್ನು ಹಾಕುವ ಧೈರ್ಯ ನಮಗಿಲ್ಲ.

ಕೈಗಾದಲ್ಲಿ ಈಗ 5 ಮತ್ತು 6ನೇ ಘಟಕಗಳ ಕೆಲಸವಿದೆ, ತಲಾ 700 ಮೆಗಾವ್ಯಾಟ್. 2025ರಲ್ಲಿ ಸುಮಾರು 12,800 ಕೋಟಿ ರೂಪಾಯಿಯ ಗುತ್ತಿಗೆ ಹೈದರಾಬಾದಿನ ಮೇಘಾ ಇಂಜಿನಿಯರಿಂಗ್ ಕಂಪನಿಗೆ ಹೋಯಿತು. ಚುನಾವಣಾ ಬಾಂಡ್ ಕೊಂಡವರ ಪಟ್ಟಿಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಹೊರತೆಗೆಸಿದಾಗ ಎರಡನೇ ಜಾಗದಲ್ಲಿದ್ದ ಹೆಸರು ಇದೇ. ಅವರು ಕೆಲಸ ಕೆಡಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹೇಳಲು ನನ್ನ ಬಳಿ ಆಧಾರವೂ ಇಲ್ಲ. ಪಕ್ಷಗಳಿಗೆ ಕೋಟಿಗಟ್ಟಲೆ ಕೊಟ್ಟವರ ಕೆಲಸವನ್ನು ಅದೇ ಪಕ್ಷಗಳ ಸರಕಾರ ತಪಾಸಣೆ ಮಾಡಬೇಕಾದಾಗ ಕಾಯ್ದೆ ಬಿಗಿಯಾಗಿರಬೇಕೋ ಸಡಿಲವಾಗಿರಬೇಕೋ ಎಂದು ಕೇಳುತ್ತಿದ್ದೇನೆ.

ಇಂಥ ಕೆಲಸಗಳಿಗೆ ಎಲ್ಲಿಂದ ಆಳು ಬರುತ್ತಾರೆ? ಮಳೆ ಕೈಕೊಟ್ಟ ವರ್ಷ ರಾಮದುರ್ಗ, ಸವದತ್ತಿಯ ಗೌಂಡಿಗಳು, ಕಬ್ಬಿಣ ಕಟ್ಟುವವರು, ಕಾಂಕ್ರೀಟು ಹೊರುವ ಹೆಣ್ಣುಮಕ್ಕಳು ಗೋವಾಕ್ಕೆ, ಕಾರವಾರದ ಕಡೆಗೆ ಗುಳೆ ಹೋಗುವುದು ಹೊಸದಲ್ಲ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಹೋಗುತ್ತಾರೆ. ಮೇಸ್ತ್ರಿಗೆ ಮೇಲೊಬ್ಬ ಉಪಗುತ್ತಿಗೆದಾರ, ಅವನ ಮೇಲೆ ಇನ್ನೊಬ್ಬ. ತಾನು ದುಡಿಯುತ್ತಿರುವುದು ಯಾರಿಗೆ ಎಂಬುದು ಕೂಲಿಕಾರನಿಗೆ ಗೊತ್ತಾಗುವುದು ಪಗಾರ ನಿಂತಾಗ, ಅಂದರೆ ಯಾರೂ ಸಿಗದಿದ್ದಾಗ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದಕ್ಕೆ ಒಂದು ಸರಳ ನಿಯಮ ಮಾಡಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ಕೊಡಬೇಕು, ಆಮೇಲೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. 2025ರ ನವೆಂಬರಿನಿಂದ ಹಳೆಯ ಕಾಯ್ದೆ ಹೊಸ ಸಂಹಿತೆಯೊಳಗೆ ಸೇರಿದೆ, ನಿಯಮ ಉಳಿದಿದೆ. ಕೊಟ್ಟವನು ತಪ್ಪು ಮಾಡಿದವನಿಂದ ವಸೂಲು ಮಾಡಬಹುದು ಎಂಬ ಇದೇ ತತ್ವವೇ 17(ಬಿ)ಯಲ್ಲಿಯೂ ಇದ್ದದ್ದು. ಗೌಂಡಿಯ ಪಗಾರದ ಗುತ್ತಿಗೆದಾರನಿಗೆ ಅನ್ವಯಿಸುವ ತತ್ವ ಅಣುಭಟ್ಟಿ ಮಾರುವ ಬಹುರಾಷ್ಟ್ರೀಯ ಕಂಪನಿಗೆ ಯಾಕೆ ಅನ್ವಯಿಸಬಾರದು?

ಬೆಳಗಾವಿ ಮತ್ತು ಉತ್ತರ ಕನ್ನಡದ ಸಂಸದರಿಗೆ ಕೇಳಬೇಕಾದದ್ದು ದೊಡ್ಡದೇನಲ್ಲ. ಆ ಕಲಮನ್ನು ತಿದ್ದುಪಡಿಯ ಮೂಲಕ ಮರಳಿ ತನ್ನಿ. ಮುಂದೆ ಯಾವ ದೇಶದ ಜೊತೆ ಅಣು ಒಪ್ಪಂದವಾದರೂ ಬೆಲೆ ಎಷ್ಟು, ತಡವಾದರೆ ದಂಡ ಯಾರದು, ಅವಘಡವಾದರೆ ಹೊಣೆ ಯಾರದು ಎಂಬ ಪುಟಗಳನ್ನು ಸಹಿಗೆ ಮೊದಲೇ ಸದನದಲ್ಲಿ ಇಡಿಸಿ. ಕೈಗಾದ ಹೊಸ ಘಟಕಗಳಲ್ಲಿ ದುಡಿಯುವ ಪ್ರತಿ ಕೂಲಿಕಾರನ ಕೈಯಲ್ಲಿ ಮೂಲ ಮಾಲೀಕನ ಹೆಸರು, ತಿಂಗಳ ಪಗಾರ, ವಿಕಿರಣ ತಪಾಸಣೆಯ ದಿನ ಬರೆದ ಕನ್ನಡದ ಚೀಟಿ ಇರುವಂತೆ ಮಾಡಿಸಿ. ಅದರ ಒಂದು ಪ್ರತಿ ಕಾರವಾರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿಯೂ ಇರಲಿ, ಗುಳೆ ಹೋದವನ ಹೆಂಡತಿ ರಾಮದುರ್ಗದಿಂದ ಬಸ್ಸು ಹತ್ತಿ ಬಂದು ಕೇಳಿದರೆ ತೆಗೆದು ತೋರಿಸುವಂತಿರಲಿ.